ಕರೆಂಟಿಲ್ಲದ ಚೌತಿ: ಹಬ್ಬದಡುಗೆ ನಿಲ್ಲುವುದು ಎಲ್ಲಿ, ಸಾಗುವುದು ಹೇಗೆ?

ಗೌರಿ–ಗಣೇಶ ಹಬ್ಬ ಬರುವುದು ಭಾದ್ರಪದದಲ್ಲಿ. ಕ್ಯಾಲೆಂಡರಿನ ಲೆಕ್ಕದಲ್ಲಿ ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ ಬಂದು ಬೀಳುತ್ತದೆ. ಮಲೆನಾಡು, ಕೊಡಗು, ಕರಾವಳಿಯಲ್ಲಿ ಆಗಿನ್ನೂ ಮಳೆ ಬಿಟ್ಟಿರುವುದಿಲ್ಲ. ಎರಡು ತಿಂಗಳು ನೆನೆದು ಸಡಿಲಾದ ಮಣ್ಣಿನಲ್ಲಿ ನಿಂತ ಮರ ಒಂದು ಗಾಳಿಗೆ ತಂತಿಯ ಮೇಲೆ ಒರಗುತ್ತದೆ. ಕಾಡಿನೊಳಗೆ ಹಾದುಹೋದ ಲೈನು ಎಲ್ಲಿ ತುಂಡಾಗಿದೆ ಎಂದು ಹುಡುಕುವುದಕ್ಕೇ ಲೈನ್‌ಮನ್‌ಗಳಿಗೆ ಅರ್ಧ ದಿನ ಹಿಡಿಯಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಅದೇ ತಿಂಗಳು ರಾಜ್ಯದ ಹಲವು ಜಿಲ್ಲೆಗಳಿಗೆ ನೆರೆ ಬಂದಾಗ ಎಷ್ಟೋ ಊರುಗಳು ದಿನಗಟ್ಟಲೆ ಕತ್ತಲೆಯಲ್ಲಿದ್ದವು.

ತಮ್ಮ ಕಾಲದಲ್ಲಿ ದೀಪ ಆರಿದ ಮಾತ್ರಕ್ಕೆ ಅಡುಗೆ ನಿಲ್ಲುತ್ತಿರಲಿಲ್ಲ ಎಂದು ಹಿರಿಯರು ಹೇಳಿದರೆ ಅದು ನಿಜವೇ. ಆದರೆ ಈಗಿನ ಅಡುಗೆಮನೆ ಬೇರೆ. ಒಲೆ ಇಂಡಕ್ಷನ್ನಿನದು, ಅನ್ನಕ್ಕೆ ಎಲೆಕ್ಟ್ರಿಕ್ ಕುಕ್ಕರ್, ಮಸಾಲೆಗೆ ಮಿಕ್ಸಿ, ಹಿಟ್ಟಿಗೆ ಗ್ರೈಂಡರ್, ಕುಡಿಯುವ ನೀರಿಗೆ ಫಿಲ್ಟರ್, ಅದಕ್ಕೆ ನೀರು ತರಲು ಪಂಪು. ಬೆಳಿಗ್ಗೆ ಆರಕ್ಕೆ ಕರೆಂಟು ಹೋಗಿ, ಹನ್ನೆರಡಕ್ಕೆ ನೈವೇದ್ಯವಾಗಬೇಕು ಎಂದಾದರೆ ಇವುಗಳಲ್ಲಿ ಯಾವುದಕ್ಕೆ ಬದಲಿ ಇದೆ, ಯಾವುದಕ್ಕೆ ಇಲ್ಲ?

ಕರೆಂಟು ಮಾಡುತ್ತಿದ್ದ ಕೆಲಸಗಳು ನಾಲ್ಕೇ

ಎಷ್ಟು ಯಂತ್ರಗಳಿದ್ದರೂ ಬೆಳಕೊಂದನ್ನು ಬಿಟ್ಟರೆ ಅಡುಗೆಮನೆಯಲ್ಲಿ ವಿದ್ಯುತ್ತು ಮಾಡುವುದು ನಾಲ್ಕು ಕೆಲಸ: ಬೇಯಿಸುವುದು, ರುಬ್ಬುವುದು, ನೀರೆತ್ತುವುದು, ತಣ್ಣಗಿಡುವುದು. ಗಾಬರಿ ಮೊದಲು ಹುಟ್ಟುವುದು ಬೇಯಿಸುವ ವಿಷಯದಲ್ಲಿ, ಆದರೆ ನಾಲ್ಕರಲ್ಲಿ ಸುಲಭವಾಗಿ ಬದಲಿ ಸಿಗುವುದು ಅದಕ್ಕೇ. ರುಬ್ಬುವುದಕ್ಕೆ ಬದಲಿ ಇದೆ, ರಟ್ಟೆ ನೋಯುತ್ತದೆ ಅಷ್ಟೆ. ಹಬ್ಬದ ದಿನ ಮಾಡಿದ್ದು ಬಿಸಿಯಾಗಿಯೇ ಎಲೆಗೆ ಬೀಳುವುದರಿಂದ ಫ್ರಿಜ್ಜಿನ ಕೊರತೆ ಊಟ ಮುಗಿಯುವವರೆಗೆ ಕಾಣಿಸುವುದಿಲ್ಲ. ಸದ್ದಿಲ್ಲದೆ ಕೈಕೊಡುವುದು ನೀರು. ಕರೆಂಟು ಹೋದ ಮೇಲೂ ಗಂಟೆಗಟ್ಟಲೆ ನಲ್ಲಿಯಲ್ಲಿ ಬರುತ್ತಿರುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ.

ಹಬ್ಬದೂಟದ ಪಟ್ಟಿ ಕರೆಂಟಿಗಿಂತ ಹಳೆಯದು ಎಂಬುದೂ ನೆನಪಿರಲಿ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದದ್ದು 1902ರಲ್ಲಿ, ಅದೂ ಕೋಲಾರದ ಚಿನ್ನದ ಗಣಿಗಳಿಗಾಗಿ. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಹಳ್ಳಿಗಳು ಇನ್ನೂ ಎಷ್ಟೋ ದಶಕ ಕಾದವು. ಕೋಸಂಬರಿ, ಕಡುಬು, ಹೋಳಿಗೆ, ಪಾಯಸ ಎಲ್ಲವೂ ಬೆಂಕಿ, ಕಲ್ಲು, ಕೈಗಳಿಗೆ ಹೊಂದಿಕೊಂಡೇ ರೂಪುಗೊಂಡ ಅಡುಗೆಗಳು. ಯಾವುದಕ್ಕೆ ಯಾವ ಕೆಲಸ ಎಷ್ಟು ಬೇಕು ಎಂದು ತಿಳಿದರೆ ಪಟ್ಟಿಯನ್ನು ಸ್ವಲ್ಪ ಹಿಂದೆಮುಂದೆ ಮಾಡಿದರೆ ಸಾಕು.

ಇನ್ವರ್ಟರ್ ಇದೆಯಲ್ಲ?

ಇದೆ, ಆದರೆ ಅದಕ್ಕೆ ಎರಡು ಮಿತಿಗಳಿವೆ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ಒಂದು, ಕೊಳವೆಯಲ್ಲಿ ಒಮ್ಮೆಗೆ ಎಷ್ಟು ಹರಿಯಬಲ್ಲದು ಎಂಬುದು ಇನ್ನೊಂದು. ಬ್ಯಾಟರಿ ಟ್ಯಾಂಕಿನಂತೆ, ಇನ್ವರ್ಟರ್ ಕೊಳವೆಯಂತೆ. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟಿನ, 150 ಆಂಪಿಯರ್–ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್–ಗಂಟೆ, ಅಂದರೆ ಎರಡು ಯೂನಿಟ್ಟಿಗೂ ಕಡಿಮೆ ವಿದ್ಯುತ್ತು ಇರುತ್ತದೆ. ಅದರಲ್ಲೂ ಪೂರ್ತಿ ಬಳಕೆಗೆ ಸಿಗುವುದಿಲ್ಲ. ಇನ್ನು 900 ವಿಎ ಎಂದು ಬರೆದಿರುವ ಇನ್ವರ್ಟರ್ ಒಮ್ಮೆಗೆ ಕೊಡಬಲ್ಲದ್ದು ಸುಮಾರು 700 ವ್ಯಾಟ್.

ಈಗ ಯಂತ್ರಗಳ ಹಸಿವು ನೋಡಿ. ಇಂಡಕ್ಷನ್ ಒಲೆ ಪೂರ್ಣ ಉರಿಯಲ್ಲಿ 1,800ರಿಂದ 2,000 ವ್ಯಾಟ್ ಕೇಳುತ್ತದೆ. ಕೊಳವೆ ಅಷ್ಟನ್ನು ಬಿಡುವುದಿಲ್ಲ, ಬಿಟ್ಟರೂ ಒಂದು ಗಂಟೆಯೊಳಗೆ ಟ್ಯಾಂಕು ಖಾಲಿ. ಒಂದು ಅಶ್ವಶಕ್ತಿಯ ನೀರಿನ ಪಂಪು 746 ವ್ಯಾಟಿನದು, ತಿರುಗಲು ಶುರುಮಾಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಅದನ್ನೂ ಮರೆತುಬಿಡಿ. ಮಿಕ್ಸಿ 500ರಿಂದ 750 ವ್ಯಾಟ್, ಹಾಗಾಗಿ ಕೆಲವು ಮನೆಗಳಲ್ಲಿ ನಡೆಯುತ್ತದೆ, ಕೆಲವೆಡೆ ಇನ್ವರ್ಟರ್ ಕೂಗಿ ನಿಲ್ಲುತ್ತದೆ.

ಬಹಳ ಜನ ಗಮನಿಸದ ಸಂಗತಿಯೊಂದಿದೆ. ಮೇಜಿನ ಮೇಲೆ ಇಡುವ, ಎರಡು ಲೀಟರಿನ ಕಲ್ಲಿನ ಗ್ರೈಂಡರ್ ಮಿಕ್ಸಿಗಿಂತ ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹೆಚ್ಚು, ಆದರೆ ಅದರ ಮೋಟಾರು ಸಾಮಾನ್ಯವಾಗಿ 150 ವ್ಯಾಟಿನದು. ನಿಧಾನವಾಗಿ ತಿರುಗುವುದೇ ಇದಕ್ಕೆ ಕಾರಣ. ಅರ್ಧ ಗಂಟೆ ಓಡಿಸಿದರೂ ಖರ್ಚಾಗುವುದು 75 ವ್ಯಾಟ್–ಗಂಟೆ. ಆದ್ದರಿಂದ ಇನ್ವರ್ಟರ್ ಇರುವ ಮನೆಯಲ್ಲಿ ಫ್ಯಾನು, ಟಿವಿ ಆರಿಸಿ ಕಾಯಿಮಸಾಲೆಯನ್ನು ಗ್ರೈಂಡರಿಗೆ ಹಾಕುವುದು ಜಾಣತನ. ಚೌಕ ತರಂಗದ ಹಳೆಯ ಇನ್ವರ್ಟರ್ ಆಗಿದ್ದರೆ ಮೋಟಾರು ಗುಂಯ್ ಎನ್ನುತ್ತದೆ, ಬೇಗ ಬಿಸಿಯಾಗುತ್ತದೆ. ಆಗಾಗ ನಿಲ್ಲಿಸಬೇಕು. ಇನ್ವರ್ಟರ್ ಇಲ್ಲದೆ, ರುಬ್ಬುತ್ತಿರುವಾಗಲೇ ಕರೆಂಟು ಹೋಯಿತೆಂದರೆ ಕೈಹಾಕುವ ಮುನ್ನ ಪ್ಲಗ್ ಕಿತ್ತಿಡಿ. ಅದು ಮರಳಿ ಬರುವಾಗ ಹೇಳಿ ಬರುವುದಿಲ್ಲ.

ಬೆಂಕಿ: ಗ್ಯಾಸಿಗೆ ಕರೆಂಟು ಬೇಡ

ಸಿಲಿಂಡರಿನೊಳಗೆ ಇರುವುದು ಒತ್ತಡದಲ್ಲಿ ದ್ರವವಾದ ಅನಿಲ. ಹೊರಬರುವಾಗ ತನ್ನಷ್ಟಕ್ಕೆ ಆವಿಯಾಗಿ, ರೆಗ್ಯುಲೇಟರ್ ದಾಟಿ ಒಲೆಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿಯೂ ಮೋಟಾರಿಲ್ಲ. ಗುಂಡಿ ಒತ್ತಿದರೆ ಹೊತ್ತಿಕೊಳ್ಳುವ ಗಾಜಿನ ಒಲೆಗಳಲ್ಲಿ ಕಿಡಿಗೆ ಮಾತ್ರ ಬ್ಯಾಟರಿಯೋ ಕರೆಂಟೋ ಬೇಕಾಗುತ್ತದೆ. ಅದಿಲ್ಲದಿದ್ದರೆ ಬೆಂಕಿಕಡ್ಡಿ ಸಾಕು. ಮಳೆಗಾಲದಲ್ಲಿ ಬೆಂಕಿಪೊಟ್ಟಣ ತೇವ ಹೀರಿಕೊಂಡು ಗೀರಿದರೂ ಹೊತ್ತದಿರಬಹುದು, ಆಗ ಟಕ್ಕೆನ್ನುವ ಗ್ಯಾಸ್ ಲೈಟರ್ ಕೈಹಿಡಿಯುತ್ತದೆ. ಅದರೊಳಗೆ ಸೆಲ್ಲಿಲ್ಲ. ಸ್ಪ್ರಿಂಗಿನ ಪುಟ್ಟ ಸುತ್ತಿಗೆಯೊಂದು ಹರಳಿಗೆ ಬಡಿದಾಗ ಆ ಏಟಿಗೇ ಕಿಡಿ ಹುಟ್ಟುತ್ತದೆ.

ಪ್ರೆಷರ್ ಕುಕ್ಕರಿನ ಬೆಲೆ ಗೊತ್ತಾಗುವುದೂ ಇಂಥ ದಿನವೇ. ಒಳಗಿನ ಒತ್ತಡದಿಂದ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ನೂರನ್ನು ದಾಟುವುದಿಲ್ಲ, ಮಡಿಕೇರಿಯಂಥ ಎತ್ತರದ ಊರಿನಲ್ಲಿ 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಬೇಳೆ ಬೇಯಲು ತಗಲುವ ಹೊತ್ತಿನ ವ್ಯತ್ಯಾಸಕ್ಕೆ ಇದೇ ಕಾರಣ. ಇಂಡಕ್ಷನ್ ಮಾತ್ರ ನೆಚ್ಚಿಕೊಂಡ ಮನೆಯವರು ಹಬ್ಬದ ಮಟ್ಟಿಗೆ ಐದು ಕೆಜಿಯ ಚಿಕ್ಕ ಸಿಲಿಂಡರ್, ಒಂದು ಒಲೆ ಇಟ್ಟುಕೊಂಡರೆ ಸಮಸ್ಯೆಯ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ.

ಸೌದೆ ಒಲೆಯದು ಬೇರೆಯೇ ಲೆಕ್ಕ. ಒಣಗಿದ ಸೌದೆಯಲ್ಲೂ ಒಂದಿಷ್ಟು ನೀರಿರುತ್ತದೆ, ಹಸಿ ಸೌದೆಯಲ್ಲಿ ತೂಕದ ಅರ್ಧದಷ್ಟೂ ಇರಬಹುದು. ಆ ನೀರನ್ನೆಲ್ಲ ಆವಿ ಮಾಡಿದ ಮೇಲಷ್ಟೇ ಸೌದೆಯ ಶಾಖ ಪಾತ್ರೆಗೆ ಸಿಗುವುದು. ಅಲ್ಲಿಯವರೆಗೆ ಹೊಗೆ, ಕಣ್ಣೀರು. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಟ್ಟುತ್ತಿದ್ದದ್ದು ಇದಕ್ಕೇ. ಕರಟ, ಒಣಗಿದ ತೆಂಗಿನ ಗರಿ, ಅಡಿಕೆ ಸಿಪ್ಪೆ ಹೊತ್ತಿಸಲು ಒಳ್ಳೆಯವು. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಎಂಬ ಘಟಕ ರೂಪಿಸಿದ ಅಸ್ತ್ರ ಒಲೆ ಈ ಪೋಲನ್ನು ತಡೆಯುವ ಯತ್ನವಾಗಿತ್ತು: ಪಾತ್ರೆ ಗೂಡಿನೊಳಗೆ ಕೂರುತ್ತದೆ, ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಮನೆಯ ಹಿತ್ತಿಲಿನಲ್ಲಿ ಹಳೆಯದೊಂದು ಉಳಿದಿದ್ದರೆ ಹಬ್ಬದ ಮುನ್ನ ಕೊಳವೆಯ ಮಸಿ ತೆಗೆಸಿಡಿ. ಸೌದೆ ಒಲೆಗೆ ಇಡುವ ಪಾತ್ರೆಯ ಹೊರಮೈಗೆ ಬೂದಿಯನ್ನೋ ಕೆಮ್ಮಣ್ಣನ್ನೋ ನೀರಿನಲ್ಲಿ ಕಲಸಿ ಸವರಿದರೆ ಮಸಿ ಆ ಲೇಪಕ್ಕೆ ಅಂಟಿ, ತೊಳೆಯುವಾಗ ಸುಲಭವಾಗಿ ಬಿಟ್ಟುಬರುತ್ತದೆ.

ಎರಡು ಒಲೆಗಳಿದ್ದರೆ ಕೆಲಸ ಹೀಗೆ ಹಂಚಿ: ಹೆಚ್ಚು ಹೊತ್ತು ಕುದಿಯುವ ಅನ್ನ, ಬೇಳೆ, ಬಿಸಿನೀರು ಸೌದೆಗೆ. ಕರಿಯುವುದು ಮಾತ್ರ ಗ್ಯಾಸಿಗೆ. ಕರಿಯುವ ಎಣ್ಣೆ 170ರಿಂದ 180 ಡಿಗ್ರಿಯಲ್ಲಿರಬೇಕು, ಅದಕ್ಕಿಂತ ಬಹಳ ಮೇಲೇರಿದರೆ ಹೊಗೆಯಾಡಿ ಹೊತ್ತಿಕೊಳ್ಳುತ್ತದೆ. ಗ್ಯಾಸನ್ನು ಗುಂಡಿ ತಿರುಗಿಸಿ ತಗ್ಗಿಸಬಹುದು, ಕೊಳ್ಳಿಯನ್ನು ಹೊರಗೆಳೆದರೂ ಕೆಂಡದ ಕಾವು ಉಳಿದಿರುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಎಣ್ಣೆಯ ಕೆಳಗಿಳಿದು ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆಸೆಯುತ್ತದೆ. ಉರಿ ಆರಿಸಿ, ತಟ್ಟೆ ಮುಚ್ಚಿ.

ಇದ್ದಿಲ ಶಿಗಡಿಯನ್ನು ಮುಚ್ಚಿದ ಕೋಣೆಯೊಳಗೆ ಇಡಲೇಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ತಲೆನೋವು, ವಾಕರಿಕೆ, ನಿದ್ದೆ ಬಂದಂತಾಗುವುದು, ಆಮೇಲೆ ಎಚ್ಚರವೇ ಆಗದಿರುವುದು. ಜನರೇಟರಿಗೂ ಇದೇ ಮಾತು. ಚೌತಿಯ ದಿನಗಳೇ ಅಮೆರಿಕದ ಪೂರ್ವ ಮತ್ತು ದಕ್ಷಿಣ ತೀರಕ್ಕೆ ಚಂಡಮಾರುತಗಳ ಕಾಲವೂ ಆದ್ದರಿಂದ ಅಲ್ಲಿನ ಕನ್ನಡಿಗರ ಮನೆಗಳಲ್ಲೂ ಈ ಪ್ರಶ್ನೆ ಏಳುತ್ತದೆ. ಹಿತ್ತಿಲಿನ ಗ್ರಿಲ್ಲಿನ ಮೇಲೆ ಹುಳಿ ಕುದಿಸಬಹುದು, ಆದರೆ ಅದನ್ನು ಗ್ಯಾರೇಜಿನೊಳಕ್ಕೂ ತರಬಾರದು.

ರುಬ್ಬುವುದು: ಅಲಗು ಮಾಡುವುದೇನು, ಕಲ್ಲು ಮಾಡುವುದೇನು

ಮಿಕ್ಸಿಯ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಕತ್ತರಿಸುತ್ತದೆ. ಒರಳುಕಲ್ಲು ಕತ್ತರಿಸುವುದಿಲ್ಲ. ಗುಂಡು ಮತ್ತು ಒರಳಿನ ಒರಟು ಮೈಗಳ ನಡುವೆ ಕಾಯಿ ಸಿಕ್ಕಿ ಜಜ್ಜಿ, ಎಳೆದು, ನುರಿಯುತ್ತದೆ. ಹಾಗಾಗಿ ಕಾಯಿಯ ಎಣ್ಣೆ ಹೆಚ್ಚು ಬಿಡುತ್ತದೆ, ಬಿಸಿಯೇರುವುದಿಲ್ಲ, ಮಸಾಲೆಯ ಘಮ ಹಾರಿಹೋಗುವುದಿಲ್ಲ. ಕಲ್ಲಿನ ರುಚಿ ಎಂದು ಹೇಳುವುದರ ಹಿಂದೆ ಇರುವ ಸಂಗತಿ ಇಷ್ಟು. ಹಾಗೆಂದು ಅದನ್ನು ಅತಿಯಾಗಿ ಹೊಗಳುವುದೂ ಬೇಡ. ಎರಡು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಬೆವರು ಹರಿಸಿದವರ್‍ಯಾರೂ ಮಿಕ್ಸಿ ಬಂದಾಗ ಅತ್ತಿರಲಿಲ್ಲ.

ಹಿತ್ತಿಲಿನಲ್ಲಿ ಪಾಚಿ ಹಿಡಿದು ಕೂತ ಒರಳನ್ನು ಹಬ್ಬದ ಬೆಳಿಗ್ಗೆ ತೊಳೆದು ನೇರ ಕಾಯಿ ಹಾಕಬಾರದು. ಎರಡು ದಿನ ಮೊದಲೇ ಬಿಸಿನೀರು ಹಾಕಿ ತಿಕ್ಕಿ, ನೆನೆಸಿದ ಅಕ್ಕಿ ಒಂದು ಹಿಡಿ ಹಾಕಿ ರುಬ್ಬಿ ಚೆಲ್ಲಿ. ಬೆರಳಿನಲ್ಲಿ ಉಜ್ಜಿದರೆ ಮರಳಿನ ಕಣ ತಾಗದಿರುವವರೆಗೆ ಇದನ್ನು ಮತ್ತೆ ಮಾಡಿ. ಕಲ್ಲಿನ ಮೈ ನುಣ್ಣಗಾಗಿ ಕಾಯಿ ಜಾರುತ್ತಿದ್ದರೆ ಉಳಿಯಿಂದ ಹೊಡೆಸಿ ಒರಟು ಮಾಡಿಸಬೇಕು. ಆ ಕೆಲಸದವರು ಈಗ ಬೀದಿಗೆ ಬರುವುದಿಲ್ಲ, ಆದ್ದರಿಂದ ಇದು ಹಬ್ಬದ ಹಿಂದಿನ ದಿನ ಹೊಳೆದರೆ ತಡವಾಯಿತು.

ರುಬ್ಬುವ ಕ್ರಮವೂ ಮಿಕ್ಸಿಯದಲ್ಲ. ಮಿಕ್ಸಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿ ನೀರು ಹೊಯ್ಯುತ್ತೇವೆ. ಕಲ್ಲಿಗೆ ಮೊದಲು ಹುರಿದ ಕೊತ್ತಂಬರಿ, ಮೆಣಸಿನಕಾಯಿಯಂಥ ಒಣ ಪದಾರ್ಥ, ಅವು ಪುಡಿಯಾದ ಮೇಲೆ ಕಾಯಿತುರಿ. ನೀರು ಚಿಮುಕಿಸಿದಷ್ಟು ಮಾತ್ರ. ಹೆಚ್ಚಾದರೆ ತುರಿ ತೇಲಿ ಗುಂಡಿನಿಂದ ತಪ್ಪಿಸಿಕೊಳ್ಳುತ್ತದೆ, ಎಷ್ಟು ತಿರುಗಿಸಿದರೂ ಹಾಗೆಯೇ ಉಳಿಯುತ್ತದೆ. ಒಂದು ಕೈ ಗುಂಡು ತಿರುಗಿಸುತ್ತಿದ್ದರೆ ಇನ್ನೊಂದು ಕೈ ಅಂಚಿಗೆ ಬಂದದ್ದನ್ನು ಕುಳಿಗೆ ತಳ್ಳುತ್ತಿರಬೇಕು. ಮೆಣಸಿನಕಾಯಿಯನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿದರೆ ಅರ್ಧ ಕಷ್ಟ ಕಡಿಮೆ. ತುರಿಮಣೆಯಲ್ಲಿ ತುರಿಯುವಾಗ ಕಾಯಿಯನ್ನು ಹಗುರಾಗಿ ಒತ್ತಿದರೆ ತುರಿ ಸಣ್ಣದಾಗಿ ಬೀಳುತ್ತದೆ. ಅಲ್ಲಿ ಅವಸರ ಮಾಡಿ ಉಳಿಸಿದ ಹೊತ್ತನ್ನು ಕಲ್ಲು ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಒರಳೇ ಇಲ್ಲದ ಮನೆಯಲ್ಲಿ ಕುಟ್ಟಾಣಿಯಾದರೂ ಇರುತ್ತದೆ. ಅದರಲ್ಲಿ ನುಣ್ಣಗಾಗುವುದಿಲ್ಲ, ಆದರೆ ಹಬ್ಬದಡುಗೆಯಲ್ಲಿ ತರಿತರಿಯಾಗಿಯೇ ಇರಬೇಕಾದವೂ ಇವೆ. ಅಂಬೊಡೆಗೆ ನೆನೆದ ಕಡಲೆಬೇಳೆಯನ್ನು ಒಂದೊಂದು ಹಿಡಿಯಾಗಿ ಜಜ್ಜಿದರೆ ಸಾಕು, ಕೈಯಲ್ಲಿ ಒತ್ತಿದಾಗ ಉಂಡೆ ನಿಲ್ಲುವಷ್ಟು. ಎಲೆಯಂಚಿನ ಚಟ್ನಿಯೂ ಅಷ್ಟೇ.

ರುಬ್ಬುವ ತ್ರಾಣ ಒಂದೇ ಬಟ್ಟಲಿಗೆ ಸಾಲುವಷ್ಟಿದ್ದರೆ ಅದನ್ನು ಯಾವುದಕ್ಕೆ ಕೊಡಬೇಕು? ನನ್ನನ್ನು ಕೇಳಿದರೆ ಹುಳಿಗೆ. ಮಜ್ಜಿಗೆಹುಳಿ, ಸಾಸಿವೆ ಚಿತ್ರಾನ್ನ, ಗೊಜ್ಜು ಎಲ್ಲಕ್ಕೂ ಅರೆದ ಕಾಯಿ ಬೇಕು. ಅವುಗಳಲ್ಲಿ ಚಿತ್ರಾನ್ನವನ್ನು ನಿಂಬೆಹಣ್ಣಿನದಕ್ಕೆ ಬದಲಿಸಬಹುದು, ಸಾರಿಗೆ ಮನೆಯ ಸಾರಿನ ಪುಡಿ ಇದೆ, ಪಲ್ಯಕ್ಕೆ ತುರಿ ಸಾಕು. ಹೆಸರುಬೇಳೆ ಕೋಸಂಬರಿಗೆ ಬೆಂಕಿಯೂ ಬೇಡ. ಒಂದೆರಡು ಗಂಟೆ ನೆನೆಸಿ, ಬಸಿದು, ಸೌತೆ, ತುರಿ, ನಿಂಬೆರಸ ಬೆರೆಸಿದರಾಯಿತು. ಉಪ್ಪನ್ನು ಬಡಿಸುವ ಮುನ್ನ ಮಾತ್ರ ಹಾಕಬೇಕು, ಇಲ್ಲವಾದರೆ ಸೌತೆ ನೀರು ಬಿಡುತ್ತದೆ.

ಕಡುಬಿಗೆ ಹಿಟ್ಟು ಬೇಯಿಸುವುದು ಏಕೆ

ಹಲವು ಮನೆಗಳಲ್ಲಿ ಗೌರಿಯ ದಿನ ಹೋಳಿಗೆ, ಗಣೇಶನ ದಿನ ಕಡುಬು. ಕರೆಂಟಿನ ಹಂಗು ಅತ್ಯಂತ ಕಡಿಮೆ ಇರುವ ಸಿಹಿ ಈ ಎರಡನೆಯದು. ಒಳಗಿನ ಹೂರಣಕ್ಕೆ ಕಾಯಿತುರಿ, ಬೆಲ್ಲ, ಏಲಕ್ಕಿ. ಹೊರಗಿನ ಕವಚಕ್ಕೆ ಅಕ್ಕಿಹಿಟ್ಟು. ರುಬ್ಬುವ ಮಾತೇ ಇಲ್ಲ, ಹಿಟ್ಟು ಮೊದಲೇ ಸಿದ್ಧವಿದ್ದರೆ. ಹಿಟ್ಟಿನ ಗಿರಣಿಯೂ ಕರೆಂಟಿನಿಂದಲೇ ನಡೆಯುವುದರಿಂದ ಮಳೆ ಜೋರಾಗುವ ಮೊದಲೇ ಅಕ್ಕಿ ತೊಳೆದು, ನೆರಳಲ್ಲಿ ಬಟ್ಟೆಯ ಮೇಲೆ ಹರವಿ ಒಣಗಿಸಿ ಬೀಸಿಸಿಡಬೇಕು.

ಗೋಧಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದರೊಳಗಿನ ಗ್ಲುಟೆನ್ ಎಂಬ ಪ್ರೋಟೀನು ಎಳೆಗಟ್ಟಿ ಹಿಗ್ಗುತ್ತದೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಅದನ್ನು ತಣ್ಣೀರಿನಲ್ಲಿ ಕಲಸಿದರೆ ಒತ್ತಿದಲ್ಲಿ ಸೀಳುತ್ತದೆ. ಅಕ್ಕಿಯ ಪಿಷ್ಟ ಸುಮಾರು 70 ಡಿಗ್ರಿಯ ಆಚೀಚೆ ನೀರು ಹೀರಿ ಉಬ್ಬಿ ಅಂಟಂಟಾಗುತ್ತದೆ, ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಆ ಅಂಟು ಮಾಡುತ್ತದೆ. ಅದಕ್ಕೇ ನೀರು ಚೆನ್ನಾಗಿ ಮರಳಬೇಕು. ಒಂದು ಲೋಟ ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ಕುದಿಯುವ ನೀರಿಗೆ ಹಿಟ್ಟನ್ನು ಗೋಪುರದಂತೆ ಸುರಿದು, ಕದಡದೆ, ಸೌಟಿನ ಹಿಡಿಯಿಂದ ನಡುವೆ ಒಂದು ತೂತು ಮಾಡಿ, ಉರಿ ತಗ್ಗಿಸಿ ಮುಚ್ಚಬೇಕು. ತೂತಿನಲ್ಲಿ ನೀರು ಉಕ್ಕಿ ಹಿಟ್ಟಿನ ಮೇಲೆ ಹರಿಯತೊಡಗಿದಾಗ ಇಳಿಸಿ, ಗಂಟು ಒಡೆದು, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಗೆ ಎಣ್ಣೆ ಸವರಿಕೊಂಡು ನಾದಬೇಕು. ತಣ್ಣಗಾದ ಹಿಟ್ಟು ಬಿಗಿದುಕೊಳ್ಳುತ್ತದೆ, ಆಗ ಕಡುಬಿನ ಅಂಚು ಬಿರುಕು ಬಿಡುತ್ತದೆ. ನಾದಿದ್ದನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ, ಒಂದೊಂದೇ ಉಂಡೆ ತೆಗೆಯಿರಿ. ಬಾಳೆಲೆಯ ಮೇಲೆ ಅಥವಾ ಅರಿಶಿನದ ಎಲೆಯ ಮೇಲಿಟ್ಟು ಹತ್ತು ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿದರೆ ಹೊರಮೈ ಹೊಳೆಯುತ್ತದೆ. ಬೆಂದದ್ದಕ್ಕೆ ಅದೇ ಗುರುತು.

ಹೋಳಿಗೆ, ಮಿಕ್ಸಿಯಿಲ್ಲದೆ

ಹೋಳಿಗೆಯಲ್ಲಿ ಯಂತ್ರ ಬೇಕೆನಿಸುವುದು ಒಂದೇ ಜಾಗದಲ್ಲಿ, ಹೂರಣ ನುಣ್ಣಗಾಗಬೇಕಾದಲ್ಲಿ. ಅರೆಬರೆಯಾಗಿ ಉಳಿದ ಒಂದು ಬೇಳೆ ಸಾಕು, ತಟ್ಟುವಾಗ ಕಣಕ ಹರಿಯುತ್ತದೆ. ಮಿಕ್ಸಿಗೆ ಹಾಕುವ ಕಡಲೆಬೇಳೆ ಬೆರಳ ನಡುವೆ ಹಿಸುಕಿದರೆ ಹಿಟ್ಟಾಗಬೇಕು, ಪಾತ್ರೆಯಲ್ಲಿ ಮಾತ್ರ ಬೇಳೆಯ ಆಕಾರ ಉಳಿದಿರಬೇಕು ಎನ್ನುತ್ತಾರೆ. ಮಿಕ್ಸಿ ಇಲ್ಲದ ದಿನ ಇದಕ್ಕಿಂತ ಒಂದು ಹದ ಮುಂದಕ್ಕೆ ಬೇಯಿಸಿ. ಕಟ್ಟು ಪೂರ್ತಿ ಬಸಿದು, ಬೆಲ್ಲ ಹಾಕುವ ಮೊದಲೇ, ಬಿಸಿಯಿರುವಾಗಲೇ ಕಡಗೋಲಿನಲ್ಲಿ ಅರೆದು, ಹಿಟ್ಟು ಜರಡಿಗಿಂತ ದೊಡ್ಡ ಕಣ್ಣಿನ ಜರಡಿಯ ಮೇಲೆ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಿಡಿ ತಿರುಗಿಸುವ ಹೂರಣದ ಯಂತ್ರ ಇದ್ದರೆ ಇನ್ನೂ ಸುಲಭ. ಬೆಲ್ಲ ಬಿದ್ದ ಮೇಲೆ ಬೇಳೆ ಇನ್ನು ಮೆತ್ತಗಾಗುವುದಿಲ್ಲ, ಆದ್ದರಿಂದ ಕ್ರಮ ತಪ್ಪಬಾರದು. ಹುಳಿಗೆ ಹುಣಸೆಹಣ್ಣನ್ನು ತರಕಾರಿ ಬೆಂದ ಮೇಲೆಯೇ ಹಾಕುವುದಕ್ಕೂ ಇಂಥದೇ ಕಾರಣ.

ಒರಳಿದ್ದರೆ ಬೆಲ್ಲದೊಂದಿಗೆ ಕಾಯಿಸಿ ಗಟ್ಟಿಯಾದ ಹೂರಣವನ್ನು ಬೆಚ್ಚಗಿರುವಾಗಲೇ ಹಿಡಿಹಿಡಿಯಾಗಿ ಹಾಕಿ, ಹನಿ ನೀರೂ ಸೋಕಿಸದೆ ರುಬ್ಬಿ. ಆರಿದರೆ ಗುಂಡಿಗೆ ಅಂಟಿ ಕೈ ಸೋಲುತ್ತದೆ. ಕಣಕವನ್ನು ಮಾತ್ರ ಬೆಳಿಗ್ಗೆಯೇ ಕಲಸಿ ಎಣ್ಣೆಯಲ್ಲಿ ನೆನೆಯಲು ಬಿಡಬೇಕು. ಕಾದಷ್ಟೂ ಗ್ಲುಟೆನ್ ಸಡಿಲಗೊಂಡು ಎಳೆದಲ್ಲಿಗೆ ಬರುತ್ತದೆ. ಬಸಿದ ಕಟ್ಟು ಒಬ್ಬಟ್ಟಿನ ಸಾರಿಗೆ. ಒಂದು ಬೆಂಕಿಯಲ್ಲಿ ಎರಡು ಅಡುಗೆ. ಇಷ್ಟೆಲ್ಲ ಆಗದು ಎನ್ನುವವರಿಗೆ ರವೆಯ ಹೂರಣದ ಸಜ್ಜಪ್ಪ ಇದೆ, ರುಬ್ಬುವ ಗೋಜೇ ಇಲ್ಲ.

ಪಾಯಸಕ್ಕೆ ಕಾಯಿಹಾಲು ತೆಗೆಯುವಾಗ ಒಂದು ಸಣ್ಣ ಉಪಾಯ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಮಳೆಗಾಲದ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ. ಸಣ್ಣ ತುರಿಗೆ ಉಗುರುಬೆಚ್ಚಗಿನ ನೀರು ಹಾಕಿ ಕೈಯಲ್ಲಿ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಹಿಂಡಿದರೆ ರುಬ್ಬದೆಯೂ ಹಾಲು ಬರುತ್ತದೆ. ಮೊದಲ ಗಟ್ಟಿ ಹಾಲನ್ನು ಕೊನೆಯಲ್ಲಿ, ಉರಿ ಆರಿಸಿದ ಮೇಲೆ ಸೇರಿಸಿ. ಬೆಲ್ಲದ ಜೊತೆ ಕುದಿದರೆ ಒಡೆಯುತ್ತದೆ.

ನೀರು

ಕರೆಂಟು ಹೋದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಟ್ಯಾಂಕು ಇಣುಕುವುದು. ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿಯುತ್ತದೆ, ಸಂಪಿನಿಂದ ತಾನಾಗಿ ಏರುವುದಿಲ್ಲ. ಅಡುಗೆಗೆ, ಕುಡಿಯಲು ಬೇಕಾದಷ್ಟನ್ನು ಮೊದಲೇ ಕೊಡ, ಹಂಡೆಗಳಲ್ಲಿ ಹಿಡಿದಿಟ್ಟು, ಉಳಿದದ್ದು ಸ್ನಾನಕ್ಕೆ. ಗುಡ್ಡದ ಮೇಲಿನ ಒರತೆಯಿಂದ ಕೊಳವೆಯಲ್ಲಿ ಅಬ್ಬಿ ನೀರು ತರಿಸಿಕೊಂಡ ಮಲೆನಾಡಿನ ಮನೆಗಳಿಗೆ ಈ ಚಿಂತೆಯಿಲ್ಲ. ಬಾವಿಯಿದ್ದವರು ಹಗ್ಗ ಗಟ್ಟಿಯಿದೆಯೇ, ರಾಟೆ ತಿರುಗುತ್ತದೆಯೇ ನೋಡಿಕೊಳ್ಳಬೇಕು. ಆರ್‌ಒ ಫಿಲ್ಟರಿನೊಳಗೆ ಪಂಪು ಇರುವುದರಿಂದ, ಯುವಿ ಫಿಲ್ಟರಿಗೆ ದೀಪ ಬೇಕಿರುವುದರಿಂದ ಎರಡೂ ನಿಲ್ಲುತ್ತವೆ. ಮಳೆನೀರು ಸೇರಿ ಕದಡಿದ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ದೊಡ್ಡ ಗುಳ್ಳೆ ಬಂದ ಮೇಲೂ ಒಂದು ನಿಮಿಷ ಕುದಿಸಿ ಕುಡಿಯಿರಿ. ಊಟಕ್ಕೆ ಬಾಳೆಲೆ ಹಾಕಿದರೆ ತಟ್ಟೆ ತೊಳೆಯುವ ನೀರು ಉಳಿಯಿತು.

ಹಿಂದಿನ ದಿನವೇ ಆಗಬೇಕಾದ್ದು

ಕರಿದ ತಿಂಡಿಯಲ್ಲಿ ತೇವ ಇರುವುದಿಲ್ಲ, ಹಾಗಾಗಿ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಶಿರಸಿ, ಸಿದ್ದಾಪುರದ ಕಡೆ ಚೌತಿಗೆ ಮೊದಲೇ ನೆರೆಹೊರೆಯವರು ಸೇರಿ ಚಕ್ಕುಲಿ ಕಂಬಳ ಮಾಡಿ, ಕೈಯಲ್ಲೇ ಸುತ್ತಿ ಮುಗಿಸುವುದು ಈ ದೃಷ್ಟಿಯಿಂದಲೂ ಅನುಕೂಲ. ಪಂಚಕಜ್ಜಾಯದ ಪುಡಿಯನ್ನು ಮೊದಲೇ ಹುರಿದು ಕುಟ್ಟಿಡಬಹುದು. ಕಾಯಿತುರಿ ಮಾತ್ರ ಆ ಬೆಳಿಗ್ಗೆಯೇ ಸೇರಬೇಕು. ಹಬ್ಬದ ದಿನ ಬೆಳಕಿರುವಾಗ ಈಳಿಗೆ ಮಣೆಯ ಕೆಲಸ, ಕರಿಯುವ ಕೆಲಸ ಮುಗಿಸಿ. ಟಾರ್ಚಿನ ಬೆಳಕಿನಲ್ಲಿ ಹಬೆ ಏಳುವ ಬಾಣಲೆಯೊಳಗೆ ಏನೂ ಕಾಣುವುದಿಲ್ಲ. ಅನ್ನ ಮೊದಲೇ ಆದರೆ ಗಂಜಿ ಬಸಿದು, ಪಾತ್ರೆಯನ್ನು ಮುಚ್ಚಳ ಸಮೇತ ಕಂಬಳಿಯಲ್ಲಿ ಸುತ್ತಿಟ್ಟರೆ ಊಟದ ಹೊತ್ತಿಗೂ ಹಬೆಯಾಡುತ್ತಿರುತ್ತದೆ.

ಉಳಿದದ್ದನ್ನು ಏನು ಮಾಡುವುದು?

ಬಾಗಿಲು ತೆಗೆಯದ ಫ್ರಿಜ್ಜು ಕರೆಂಟಿಲ್ಲದೆ ಸುಮಾರು ನಾಲ್ಕು ಗಂಟೆ ತಂಪು ಕಾಯ್ದುಕೊಳ್ಳುತ್ತದೆ. ತುಂಬಿರುವ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ಲೆಕ್ಕ. ಹಾಲು ತೆಗೆಯಲೆಂದು ಪದೇ ಪದೇ ತೆರೆದರೆ ಈ ಲೆಕ್ಕ ಉಳಿಯುವುದಿಲ್ಲ. ಬೇಕಾದ್ದನ್ನೆಲ್ಲ ಒಮ್ಮೆಗೇ ತೆಗೆದುಕೊಳ್ಳಿ. 5ರಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಾಣುಗಳು ಬೇಗ ಹೆಚ್ಚುತ್ತವೆ. ಮಳೆಗಾಲದ ಅಡುಗೆಮನೆ ನಮಗೆ ಚಳಿಯೆನಿಸಿದರೂ ಅವಕ್ಕೆ ಹಿತವಾಗಿಯೇ ಇರುತ್ತದೆ.

ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿಡುವ ಉಪಾಯ ಬಳ್ಳಾರಿಯ ಯುಗಾದಿಗೆ ಚೆನ್ನ. ನೀರು ಆರಿದರೆ ತಾನೇ ತಂಪು! ಮಲೆನಾಡಿನ ಚೌತಿಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಮಡಕೆ ಆರುವುದೇ ಇಲ್ಲ. ಅಲ್ಲಿ ನಡೆಯುವುದು ಕುದಿಸುವ ಉಪಾಯ. ಹಾಲನ್ನು ಬೆಳಿಗ್ಗೆ ಸಂಜೆ ಕಾಯಿಸಬೇಕು. ಕಾಯಿ ಹಾಕಿದ ಅಡುಗೆ ಮೊದಲು ಹಳಸುತ್ತದೆ, ಕಡುಬೂ ಅದೇ ಸಾಲಿಗೆ. ಅವು ಅಂದೇ ಮುಗಿಯಲಿ. ಕಾಯಿಯಿಲ್ಲದ, ಹುಣಸೆ ಬಿದ್ದ ಸಾರನ್ನು ರಾತ್ರಿ ಮತ್ತೊಮ್ಮೆ ಕುದಿಸಿದರೆ ಬೆಳಿಗ್ಗೆಗೆ ಇರುತ್ತದೆ. ಚೆನ್ನಾಗಿ ಬೆಂದ ಬೇಳೆ ಹೋಳಿಗೆಯನ್ನು ಒಂದರ ಮೇಲೊಂದು ಒಟ್ಟದೆ ಆರಿಸಿಟ್ಟರೆ ಮರುದಿನಕ್ಕೆ ಬರುತ್ತದೆ. ಉಳಿದ ಅನ್ನವನ್ನು ಮರುದಿನ ಬಿಸಿ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಅಪಾಯದ್ದು. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಬಿಟ್ಟ ವಿಷ ಬಿಸಿಗೆ ಅಳಿಯುವುದಿಲ್ಲ. ಅದನ್ನು ರಾತ್ರಿಯೇ ಚಿತ್ರಾನ್ನ ಮಾಡಿ ಮುಗಿಸಿ, ಇಲ್ಲವೇ ದನಕ್ಕೆ ಹಾಕಿ.

ನಗರದ ಮನೆಗೆ ಬೀಗ ಹಾಕಿ ಹಬ್ಬಕ್ಕೆ ಊರಿಗೆ ಹೋಗುವವರು ಹೊರಡುವ ಹಿಂದಿನ ದಿನ ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಅದರ ಮೇಲೊಂದು ನಾಣ್ಯ ಇಟ್ಟು ಹೋಗಬಹುದು. ಮರಳಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಒಳಗಿನದು ಪೂರ್ತಿ ಕರಗಿಲ್ಲ. ಮಂಜುಗಡ್ಡೆಯ ತಳದಲ್ಲಿ ಕಂಡರೆ, ನೀವಿಲ್ಲದಾಗ ಕರೆಂಟು ಬಹಳ ಹೊತ್ತು ಹೋಗಿ, ಎಲ್ಲ ಕರಗಿ, ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಫ್ರೀಜರಿನಲ್ಲಿದ್ದುದನ್ನು ಮೂಸಿ ನೋಡುತ್ತ ಕೂರದೆ ಎಸೆಯಿರಿ.